ನಡುಹಟ್ಟಿಯ ಹನ್ನೊಂದು ಅಮ್ಮಂದಿರು

"ಹೆಬ್ಬೆಟ್ಟು ಒತ್ತಾಕೆ ನಿಂಗೆ ಮುಹೂರ್ತ ಬೇರೆ ಇಡಿಸ್ಬೇಕೇನೇ, ಬೋಳಿ?"

ಬಿಲ್ಲನಕಟ್ಟೆಯ ಶಾಂತವೀರಪ್ಪ ಗೌಡರು ಜಗಲಿಯ ಕುರ್ಚಿಯಿಂದ ಏಳದೆಯೇ ಕಾಗದವನ್ನು ಅಂಗಳಕ್ಕೆ ಎಸೆದರು. ಅದು ಗಾಳಿಯಲ್ಲಿ ಒಮ್ಮೆ ಮಗುಚಿ ನಮ್ಮ ಹಾಲಮ್ಮನ ಕಾಲ ಹತ್ತಿರ ಬಿತ್ತು. ಹಾಲಮ್ಮ ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಕಣ್ಣಿಗೆ ಒತ್ತಿಕೊಂಡಳು. ಅಕ್ಷರ ಇರುವ ಯಾವ ಕಾಗದ ನೆಲಕ್ಕೆ ಬಿದ್ದರೂ ಅವಳು ಹಾಗೇ ಮಾಡುತ್ತಾಳೆ. ಬಸ್ಸಿನ ಟಿಕೆಟ್ಟಾದರೂ ಸರಿ.

"ಕಾಗದಕ್ಕೆ ಕೈ ಮುಗೀತೀಯ. ಬರೆಸಿದೋನಿಗೆ ಮುಗಿಯಲ್ಲ."

"ಬರೆಸಿದೋರ ಮನಸಿನಾಗೆ ಏನೈತೋ ನಂಗೆ ಗೊತ್ತಿಲ್ಲ ಗೌಡ್ರೆ. ಅಕ್ಷರದಾಗೆ ಸರಸೋತಿ ಅವಳೆ."

ಅಂಗಳದಲ್ಲಿ ನಾವು ಒಂಬತ್ತು ಜನ ನಿಂತಿದ್ದೆವು. ಹತ್ತು ಗಂಟೆಯ ಬಿಸಿಲು ನೆತ್ತಿಗೆ ಹತ್ತಿತ್ತು. ಜಗಲಿಯ ನೆರಳು ಎರಡು ಮಾರು ದೂರದಲ್ಲೇ ಇತ್ತು, ಆದರೆ ಅದರೊಳಗೆ ಕಾಲಿಡುವ ರೂಢಿ ನಮಗಿಲ್ಲ. ಗೌಡರ ಗದ್ದೆಯಲ್ಲಿ ನಲವತ್ತು ವರ್ಷ ದುಡಿದ ಸಣ್ಣಪ್ಪ ಎಲ್ಲರಿಗಿಂತ ಮುಂದೆ, ಬಾಗಿದ ಬೆನ್ನಿನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಬೆನ್ನು ಬಾಗಿದೆ, ನಾಲಗೆ ಇನ್ನೂ ಬಾಗಿಲ್ಲ.

"ನಿಮ್ಮಪ್ಪ ನಮ್ಮಪ್ಪನ ಕೊಟ್ಟಿಗೇಲಿ ಸೆಗಣಿ ಬಾಚ್ಕಂಡು ಬಿದ್ದಿದ್ದ ಕಣೋ ಸಣ್ಣ. ಇವತ್ತು ನೀನು, ಮನೆಗೆ ಒಯ್ದು ಓದಿಸ್ಕಂಡು ಬರ್ತೀನಿ ಅಂತೀಯ."

"ಹೌದು ಗೌಡ್ರೆ. ಅಪ್ಪ ಬಾಚ್ದ, ನಾನೂ ಬಾಚ್ದೆ. ಇಷ್ಟು ವರ್ಷ ಆದ್ರೂ ನಿಮ್ಮನೇಲಿ ಸೆಗಣಿ ಮುಗೀಲೇ ಇಲ್ಲ ನೋಡ್ರಿ."

ಹಿಂದೆ ಯಾರೋ ನಕ್ಕು, ನಗುವನ್ನು ಕೆಮ್ಮಾಗಿ ತಿರುಗಿಸಿದರು. ಇದು ಹೊಗಳಿಕೆಯೋ ಬೈಗುಳವೋ ಎಂದು ಗೌಡರು ಸ್ವಲ್ಪ ಹೊತ್ತು ತೂಗಿ ನೋಡಿ, ಬೈಗುಳದ ಕಡೆಗೇ ತೂಕ ಹೆಚ್ಚೆಂದು ಕಂಡು ಎದ್ದು ನಿಂತರು.

"ನಾಳೆ ಅಳತೆಯೋರು ಬರ್ತಾರೆ. ಅಷ್ಟರೊಳಗೆ ಮೂವತ್ತೊಂದು ಮನೇದೂ ಹೆಬ್ಬೆಟ್ಟು ಬಿದ್ದಿರ್ಬೇಕು. ಇಲ್ಲಾಂದ್ರೆ ನಿಮ್ಮ ಹೆಂಚು ಒಂದೊಂದೇ ಇಳಿಸ್ತೀನಿ, ಸೂಳೆಮಕ್ಕಳಾ. ಆ ಜಾಗದಾಗೆ ಕಲ್ಯಾಣ ಮಂಟಪ ಎಬ್ಬಿಸ್ತೀನಿ. ನಿಮ್ಮ ಕುರಿಹಟ್ಟಿ ಇರೋ ಕಡೆ ಅಡಿಗೆಮನೆ."

"ಊಟಕ್ಕೆ ಕರೀರಿ ಗೌಡ್ರೆ," ಅಂದ ಸಣ್ಣಪ್ಪ. ನಾವು ಹೊರಟೆವು.

ನಮ್ಮ ನಡುಹಟ್ಟಿ ಇರುವುದು ಹೀಗೆ. ಪೂರ್ವಕ್ಕೆ ಅರ್ಧ ಮೈಲಿ ನಡೆದರೆ ಗೌಡರ ಬಿಲ್ಲನಕಟ್ಟೆ, ಅದು ಶಿಕಾರಿಪುರ ತಾಲೂಕು. ಪಶ್ಚಿಮಕ್ಕೆ ಹಳ್ಳ ದಾಟಿದರೆ ಹೊಂಗಡ್ಡೆ, ಅದು ಸೊರಬ ತಾಲೂಕು. ನಡುವೆ ಒಂದು ಹುಣಸೆಮರ, ಮರದಿಂದ ಹಳ್ಳದ ತನಕ ಇಳಿಜಾರು, ಆ ಇಳಿಜಾರಿನಲ್ಲಿ ನಾವು. ಹದಿನೈದು ಮನೆ ಕುರಿ ಸಾಕುವವರು, ಹದಿನಾರು ಮನೆ ಕೂಲಿಯವರು. ಒಂದು ತಾಲೂಕಿನ ಹಳೇ ನಕ್ಷೆ ಹುಣಸೆಮರದ ಹತ್ತಿರ ಮುಗಿಯುತ್ತದೆ, ಇನ್ನೊಂದರದು ಹಳ್ಳದ ದಡದಲ್ಲಿ. ನಾವು ಎರಡರಲ್ಲೂ ಇಲ್ಲ. ಬರೆದ ಪುಣ್ಯಾತ್ಮರಿಗೆ ಮಧ್ಯಾಹ್ನದ ಊಟಕ್ಕೆ ಹೊತ್ತಾಗಿತ್ತೋ ಏನೋ.

ಹಾಗಾಗಿ ನಮ್ಮ ಓಟು ಬಿಲ್ಲನಕಟ್ಟೆಯಲ್ಲಿ, ರೇಷನ್ನು ಹೊಂಗಡ್ಡೆಯಲ್ಲಿ. ಮನೆಯ ಹಕ್ಕುಪತ್ರ ಎಲ್ಲಿಯೂ ಇಲ್ಲ. ಹಾಲಮ್ಮನ ಗಂಡ ಚಿಕ್ಕಬೀರಪ್ಪ ಬದುಕಿದ್ದಾಗ ಕಂಬಳಿ ಹೊದ್ದುಕೊಂಡು ಎರಡೂ ಕಡೆಯ ಪಂಚಾಯಿತಿಗೆ ಹದಿನೆಂಟು ವರ್ಷ ತಿರುಗಿದ. ಹೊಂಗಡ್ಡೆಯ ಗುಮಾಸ್ತ ಒಮ್ಮೆ ನಕ್ಷೆಯನ್ನೇ ಮೇಜಿನ ಮೇಲೆ ಹಾಸಿ ತೋರಿಸಿದ್ದ.

"ಎಲ್ಲೈತೋ ನಿನ್ನ ಮನೆ? ತೋರ್ಸು ನೋಡಾಣ."

ಚಿಕ್ಕಬೀರಪ್ಪ ನಕ್ಷೆಯ ಗೆರೆ ಮುಗಿದ ಮೇಲಿನ ಬಿಳೀ ಜಾಗದಲ್ಲಿ ಬೆರಳಿಟ್ಟ.

"ಅಲ್ಲಿ ಬರೀ ಕಾಗದ ಐತೆ ಕಣೋ."

"ಅಲ್ಲೇ ಸ್ವಾಮಿ. ಸೋರ್ತೈತೆ," ಅಂದಿದ್ದನಂತೆ ಚಿಕ್ಕಬೀರಪ್ಪ. ಹಕ್ಕುಪತ್ರ ಬರುವ ಮೊದಲೇ ಅವನಿಗೆ ಶಿವನ ಕರೆ ಬಂತು. ಹಾಲಮ್ಮನಿಗೆ ಉಳಿದದ್ದು ನಲವತ್ತು ಕುರಿ, ಸೋರುವ ಹೆಂಚಿನ ಮನೆ, ಆ ಮನೆ ತನ್ನದೆನ್ನುವ ಒಂದು ಹಾಳೆ ನೋಡಿ ಸಾಯಬೇಕೆನ್ನುವ ಹಟ.

ಶಿರಾಳಕೊಪ್ಪದ ಚಾದಂಗಡಿಯ ಟಿ.ವಿ.ಯಲ್ಲಿ ಬೆಳಗಾವಿ ಗಡಿ ಗಲಾಟೆ ಬಂದಾಗಲೆಲ್ಲ ಸಣ್ಣಪ್ಪ ಲೋಟ ಕೆಳಗಿಟ್ಟು ನೋಡುತ್ತಾನೆ. "ನೋಡ್ರಪ್ಪ, ಒಂದು ಊರಿಗೆ ಎರಡು ರಾಜ್ಯ. ನಂದು ನಂದು ಅಂತ ಬಸ್ಸಿಗೆ ಮಸಿ ಬಳೀತಾರೆ. ನಮಗೋಸ್ಕರ ಯಾವನಾದ್ರೂ ಒಂದು ಸೈಕಲ್ಲಿಗೆ ಮಸಿ ಬಳಿದಿದ್ರೆ ನಾನು ಕಾಲಿಗೆ ಬೀಳ್ತಿದ್ದೆ." 

ಈಗ ಬಳಿಯುವ ಕಾಲ ಬಂದಿತ್ತು. ದಾಖಲೆ ಇಲ್ಲದ ಹಟ್ಟಿಗಳನ್ನೆಲ್ಲ ಕಂದಾಯ ಗ್ರಾಮ ಮಾಡಬೇಕೆಂದು ಆದೇಶವಾಗಿ, ನಡುಹಟ್ಟಿ ಯಾವ ತಾಲೂಕಿಗೆ ಎಂದು ತೀರ್ಮಾನಿಸಲು ಜಂಟಿ ಅಳತೆ ಗೊತ್ತಾಯಿತು. ಅದೇ ಹೊತ್ತಿಗೆ ಶಿರಾಳಕೊಪ್ಪದಿಂದ ಬರುವ ರಸ್ತೆ ಅಗಲವಾಗಿ ನಮ್ಮ ಹಟ್ಟಿಯ ತಲೆಯ ಮೇಲೇ ಹಾದುಹೋಯಿತು. ಅಲ್ಲಿಯ ತನಕ ನಮ್ಮ ಕಡೆ ತಿರುಗಿ ಉಗುಳದಿದ್ದ ಗೌಡರಿಗೆ ನಾವು ತಲೆಮಾರುಗಳಿಂದ ತಮ್ಮವರೆಂಬ ನೆನಪು ಆವಾಗ ಬಂತು.

ಕಾಗದವನ್ನು ಓದಿದ್ದು ಸಣ್ಣಪ್ಪನ ಮಗಳು ನಯನ. ಶಿರಾಳಕೊಪ್ಪದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಪಿಯುಸಿ ಮುಗಿಸಿದವಳು. ಹಾಲಮ್ಮನ ಮನೆಯ ಮುಂದೆ ಎಲ್ಲರೂ ಕೂತರು.

"ನಾವು ಬಿಲ್ಲನಕಟ್ಟೆ ಗೌಡರ ಜಮೀನಿನಲ್ಲಿ ಅವರ ಕರುಣೆಯಿಂದ ವಾಸವಿದ್ದು, ಅವರು ಹೇಳಿದ ದಿನ ತಕರಾರಿಲ್ಲದೆ ಬಿಟ್ಟುಕೊಡತಕ್ಕದ್ದು," ಎಂದು ಓದಿದಳು ನಯನ.

"ಕರುಣೆ ಅಂತ ಬರ್ದಾರಾ?" ಕೇಳಿದ ಸಣ್ಣಪ್ಪ. "ಎಷ್ಟು ಅಕ್ಷರ ಮಗಾ ಅದು?"

"ಮೂರು ಅಪ್ಪ."

"ಮೂರೇನಾ. ಅದಕ್ಕೇ ಅಷ್ಟು ಬೇಗ ಮುಗೀತದೆ."

ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಹಾಲಮ್ಮ ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟಳು. ಅದರ ಅಕ್ಷರಗಳ ತಪ್ಪೇನಿಲ್ಲವಲ್ಲ.

ಮರುದಿನ ಸರ್ವೇಯರ್ ನಾಗರಾಜ್ ಬಂದ. ತುದಿಯಲ್ಲಿ ಬಿಳೀ ಟೋಪಿಯಂಥದ್ದಿರುವ ಉದ್ದನೆಯ ಕೋಲು, ಕೈಯಲ್ಲಿ ಫೋನಿನಂಥ ಯಂತ್ರ. ಗೌಡರು ಊರಿನ ಹತ್ತಾರು ಹಿರಿಯರನ್ನು ಕರೆದುಕೊಂಡು ಬಂದರು. ನೆರಳಿಗೆಂದು ಎಲ್ಲರೂ ಹುಣಸೆಮರದ ಬುಡಕ್ಕೆ ಸೇರಿದರು. ಮರದ ಈಚೆ ಬದಿಗೆ, ನಮ್ಮ ಹಟ್ಟಿಯ ಕಡೆಗೆ, ಒಂದು ಹುಲ್ಲಿನ ಮಾಡು. ಅದರೊಳಗೆ ಸಾಲಾಗಿ ಹನ್ನೊಂದು ಮರದ ಅಮ್ಮಂದಿರು. ಹಾಲವಾಣದ ಮರದಲ್ಲಿ ಕೆತ್ತಿದ ಮೊಳದುದ್ದದ ಮೂರ್ತಿಗಳು. ಒಬ್ಬೊಬ್ಬರಿಗೂ ಹಸಿರು ಬಳೆ, ಹಳೇ ಕುಪ್ಪಸದ ಕಣ, ಹಣೆಗೆ ಅಂಗೈಯಗಲ ಕುಂಕುಮ.

"ಇವೇನಜ್ಜಿ?" ಕೇಳಿದ ನಾಗರಾಜ್.

ಉತ್ತರ ಕೊಟ್ಟವಳು ಸಣ್ಣಪ್ಪನ ಹೆಂಡತಿ ಗುಡ್ಡಮ್ಮ. ಅಮ್ಮಂದಿರ ಮುಂದೆ ದಿನಾ ಕಸ ಗುಡಿಸಿ ನೀರು ಚಿಮುಕಿಸುವವಳು ಅವಳೇ. "ಮಾರಮ್ಮಂದಿರು ಸ್ವಾಮಿ. ಬಿಲ್ಲನಕಟ್ಟೆಗೆ ರೋಗ ಬಂದಾಗ ಹೊಸ ಅಮ್ಮನ್ನ ಕೆತ್ತಿಸಿ, ಪೂಜೆ ಮಾಡಿ, ಊರ ರೋಗ ಎಲ್ಲಾ ಅವಳ ತಲೆ ಮ್ಯಾಲೆ ಹೊರಿಸಿ ಗಡಿ ದಾಟಿಸಿ ಬಿಡ್ತಾರೆ. ಮುಂದಿನ ಊರೋರು ಇನ್ನೂ ಮುಂದಕ್ಕೆ ಒಯ್ಬೇಕು. ಹೊಂಗಡ್ಡೆಯೋರು ಆ ಪದ್ಧತಿ ಬಿಟ್ಟು ಯಾವ ಕಾಲ ಆತೋ. ಅದಕ್ಕೆ ಎಲ್ಲಾ ಇಲ್ಲೇ ಉಳ್ಕಂಡ್ರು. ಈಕೆ ದಡಾರದಮ್ಮ, ಎಲ್ಲರಿಗಿಂತ ಹಿರೇಳು. ಈಕೆ ಮೂರು ವರ್ಷದ ಕೆಳಗೆ ದನಕ್ಕೆ ಗಂಟುರೋಗ ಬಂದಾಗ ಬಂದೋಳು. ಈಕೆ ಕೊರೊನಮ್ಮ. ಅವಳಿಗೆ ಒಂದು ವರ್ಷ ಮಾಸ್ಕ್ ಕಟ್ಟಿದ್ವಿ."

"ಯಾರೂ ಹೆದರಲ್ವಾ ನೀವು?"

"ಮೊದಮೊದಲು ಹೆದರ್ತಿದ್ವಿ. ಆಮ್ಯಾಲೆ ನೋಡಿದ್ರೆ, ಊರಿಂದ ಹೊರಗೆ ಹಾಕಿಸ್ಕಂಡೋರು ನಾವೂ, ಅವಳೂ. ಮಜ್ಜಿಗೆ ಅನ್ನ ಇಟ್ರೆ ತಿಂದು ಸುಮ್ನೆ ಇರ್ತಾಳೆ ಪಾಪ."

ನಾಗರಾಜ್ ಚಪ್ಪಲಿ ಬಿಟ್ಟು ಅಮ್ಮಂದಿರಿಗೆ ಕೈ ಮುಗಿದು, ಕೋಲನ್ನು ನೆಲಕ್ಕೆ ಊರಿದ. "ನೋಡ್ರಿ, ಕಾಗದದಲ್ಲಿ ಇಲ್ಲಿ ಗಡಿ ಇಲ್ಲ. ಹಂಗಾಗಿ ಊರ ಹಿರಿಯರು ರೂಢಿ ಗಡಿ ಯಾವುದು ಅಂತಾರೋ ಅದನ್ನೇ ಮಹಜರಲ್ಲಿ ಬರೀತೀನಿ. ಈ ಹುಣಸೆಮರ ಗಡಿ ಅಂದ್ರೆ ನಡುಹಟ್ಟಿ ಸೊರಬಕ್ಕೆ ಸೇರ್ತದೆ. ಆ ಕಡೆಯೆಲ್ಲ ಸರ್ಕಾರಿ ಜಾಗ, ಇವರಿಗೆ ಹಕ್ಕುಪತ್ರ ಕೊಡಬಹುದು. ಹಳ್ಳ ಗಡಿ ಅಂದ್ರೆ ಶಿಕಾರಿಪುರಕ್ಕೆ. ಆಗ ಇದು ಗೌಡರ ಹಿಡುವಳಿ ಒಳಗೆ ಬರ್ತದೆ."

"ಇದರಾಗೆ ಕೇಳೋದೇನ್ರಿ," ಎಂದರು ಗೌಡರು. "ಹಳ್ಳದ ತನಕ ಒಂದು ಹುಲ್ಲುಕಡ್ಡಿ ಬಿಡದಂಗೆ ಬಿಲ್ಲನಕಟ್ಟೆ. ನಮ್ಮ ತಾತನ ತಾತನ ಕಾಲದಿಂದ."

"ಹಂಗಾರೆ ನಾವೂ ನಿಮ್ಮೂರೋರೇ ಏನ್ರಿ?" ಹಾಲಮ್ಮ ಕೇಳಿದಳು.

"ಮತ್ತೆ ಯಾವೂರೋಳೇ ನೀನು? ನಮ್ಮೂರ ಹೊಲೆಯಾ ಕುರುಬಾ ಎಲ್ಲಾ ನಮ್ಮೂರೋರೇ." ಗೌಡರು ಸರ್ವೇಯರ್ ಕಡೆ ನೋಡಿ ಧಾರಾಳವಾಗಿ ನಕ್ಕರು. "ಬರ್ಕೊಳ್ರಿ. ಅವರೂ ನಮ್ಮೋರು, ಅವರು ನಿಂತಿರೋ ನೆಲಾನೂ ನಮ್ದು."

ನಾಗರಾಜ್ ಬರೆದುಕೊಂಡ. ನಾಳೆ ಹನ್ನೊಂದು ಗಂಟೆಗೆ ಗೌಡರ ಜಗಲಿಯಲ್ಲಿ ಹಿರಿಯರ ಸಹಿ ಎಂದು ಗೊತ್ತಾಯಿತು. ನಮ್ಮ ಸಹಿ ಬೇಕೇ ಎಂದು ನಯನ ಕೇಳಿದಳು. ಬಂದು ನಿಲ್ಲಬಹುದು, ಕೇಳಬಹುದು ಎಂದ. ಅವನ ದನಿಯಲ್ಲಿ ಸ್ವಲ್ಪ ಸಂಕೋಚವಿತ್ತು.

ಅವತ್ತು ಇಳಿಹೊತ್ತಿಗೆ ಕುರಿಗಳನ್ನು ಹಟ್ಟಿಯೊಳಗೆ ತಡಿಕೆ ಹಾಕಿ ಕೂಡುತ್ತಿದ್ದಾಗ ಹಾಲಮ್ಮನ ಕೈ ನಿಂತಿತು.

"ಸಣ್ಣಪ್ಪ, ಅಮ್ಮನ್ನ ಗಡಿ ದಾಟಿಸ್ಬೇಕು ಅಲ್ವೇನೋ?"

"ಹೂಂ ಕಣಕ್ಕ."

"ಗಡಿ ಹಳ್ಳ ಅಂದ್ರಲ್ಲ ಗೌಡ್ರು. ಹಂಗಾರೆ ಅಮ್ಮ ಇನ್ನೂ ದಾಟೇ ಇಲ್ಲ. ಹನ್ನೊಂದು ಜನಾನೂ ಇನ್ನೂ ಅವರೂರೊಳಗೇ ಅವರೆ."

ಸಣ್ಣಪ್ಪ ಕುರಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ನಗತೊಡಗಿದ. ಒಂದು ಟಗರು ಅವನ ಬೆನ್ನು ಮೂಸಿ ನೋಡಿ ಹೋಯಿತು.

ಗುಡ್ಡಮ್ಮನಿಗೆ ನಗು ಬರಲಿಲ್ಲ. "ಅಮ್ಮನ್ನ ಇಟ್ಕಂಡು ಕೋರ್ಟು ಕಚೇರಿ ಆಟ ಆಡ್ತೀರೇನು? ನಾಳೆ ನಮ್ಮ ಮಕ್ಕಳಿಗೆ ಮೈಮ್ಯಾಲೆ ಎದ್ರೆ?"

"ಆಟ ಅಲ್ಲ ಕಣೇ," ಅಂದಳು ಹಾಲಮ್ಮ. "ಅವಳು ತವರು ಬಿಟ್ಟು ಬಂದು ಎಷ್ಟು ವರ್ಷ ಆತು. ಒಂದು ಸಲಾನಾದ್ರೂ ಕರೆಯಾಕೆ ಬಂದಾರಾ? ತವರಿಗೆ ಕರ್ಕಂಡು ಹೋಗೋದು ತಪ್ಪಾ? ನಡಿ, ಅವಳನ್ನೇ ಕೇಳಾಣ."

ಹುಲ್ಲಿನ ಮಾಡಿನ ಮುಂದೆ ದೀಪ ಹಚ್ಚಿದರು. ಗುಡ್ಡಮ್ಮ ದಡಾರದಮ್ಮನ ಎರಡೂ ಭುಜದ ಮೇಲೆ ಒಂದೊಂದು ಕಣಗಿಲೆ ಹೂವಿಟ್ಟಳು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ. ಇಂಥ ಹೊತ್ತಿನಲ್ಲಿ ಹಾಲಮ್ಮ ಬೇಡುವುದು ಕಡಿಮೆ, ಮಾತಾಡುವುದು ಜಾಸ್ತಿ. "ತಾಯಿ, ನಿಂಗೆ ಹೋಗ್ಬೇಕು ಅನ್ಸಿದ್ರೆ ಹೇಳು. ನಮಗಾಗಿ ಏನೂ ಮಾಡ್ಬ್ಯಾಡ. ನಿನ್ನ ಮನೆ ಅದು. ನಿಂಗೆ..."

ಬಲಗಡೆಯ ಹೂವು ಬಿದ್ದೇಬಿಟ್ಟಿತು.

"ಮಾತು ಮುಗಿಯಾಕೂ ಬಿಡ್ಲಿಲ್ಲ ನೋಡು," ಅಂದಳು ಗುಡ್ಡಮ್ಮ. ಅವಳ ಮುಖದಲ್ಲಿದ್ದ ಹೆದರಿಕೆ ಅಲ್ಲೇ ಇಳಿಯಿತು. "ಅವಳಿಗೂ ಬ್ಯಾಸರ ಬಂದೈತೆ."

ಬೆಳಿಗ್ಗೆ ಹಟ್ಟಿಗೆ ಹಟ್ಟಿಯೇ ಮಿಂದಿತು. ಅಮ್ಮಂದಿರಿಗೆ ಅರಿಶಿನ ಹಚ್ಚಿ, ಬೇವಿನ ಸೊಪ್ಪಿನಲ್ಲಿ ಒರೆಸಿ, ಹೊಸ ಬಳೆ ತೊಡಿಸಿದರು. ನಯನ ಅಂಗಡಿಯಿಂದ ತಂದಿದ್ದ ತುಂಡು ಬಟ್ಟೆಗಳಲ್ಲಿ ಹನ್ನೊಂದು ಸೆರಗು ಆಯಿತು. ಕೊರೊನಮ್ಮನಿಗೆ ಜರಿ ಇರುವುದು ಸಿಕ್ಕಿತು, ಒಂದು ವರ್ಷ ಮಾಸ್ಕಿನಲ್ಲೇ ಕಳೆದವಳೆಂದು. ಬುಟ್ಟಿಯಲ್ಲಿ ಕೂರಿಸಿ ಹನ್ನೊಂದು ಹೆಂಗಸರು ತಲೆಯ ಮೇಲೆ ಹೊತ್ತರು. ಮುಂದೆ ಡೊಳ್ಳು, ಅದರ ಹಿಂದೆ ಹಲಗೆ. ಯಾರೂ ಕರೆಯದಿದ್ದರೂ ಹಾಲಮ್ಮನ ನಲವತ್ತು ಕುರಿಗಳು ಎಲ್ಲರಿಗಿಂತ ಮುಂದೆ ಹೊರಟವು. ಹುಣಸೆಮರ ದಾಟುವಾಗ ಹಾಲಮ್ಮನ ತಲೆಯ ಮೇಲಿದ್ದ ದಡಾರದಮ್ಮ ಹಗುರಾದಳಂತೆ. ಹಾಲಮ್ಮನೇ ಆಮೇಲೆ ಹೇಳಿದ್ದು. ತವರಿಗೆ ಹೊರಟ ಹೆಣ್ಣು ಯಾವಾಗಲೂ ಹಗುರ.

ಬಿಲ್ಲನಕಟ್ಟೆಯ ಮೊದಲ ಮನೆಯವರು ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡರು. ಎರಡನೇ ಮನೆಯವರೂ ಹಾಕಿದರು. ಮೂರನೇ ಮನೆಯ ಮುದುಕಿ ಒಬ್ಬಳೇ, ಬಾಗಿಲಿಗೆ ಬಂದ ಅಮ್ಮನಿಗೆ ನೀರು ಕೊಡದೆ ಇರಬಾರದೆಂದು, ಚೊಂಬು ತಂದು ಹಾಲಮ್ಮನ ಕಾಲಿಗೆ ಸುರಿದಳು. ಸುರಿದ ಮೇಲೆ ಅದು ಹಾಲಮ್ಮನ ಕಾಲೆಂದು ನೆನಪಾಗಿ ಒಂದು ಗಳಿಗೆ ತಬ್ಬಿಬ್ಬಾದಳು. "ಇರ್ಲಿ ಬಿಡಮ್ಮ, ತಂಪಾತು," ಅಂದಳು ಹಾಲಮ್ಮ.

ಗೌಡರ ಜಗಲಿಯಲ್ಲಿ ಚಾಪೆ ಹಾಸಿ, ನಾಗರಾಜ್ ಮಹಜರಿನ ಹಾಳೆಗಳನ್ನು ಜೋಡಿಸಿಕೊಂಡು ಕೂತಿದ್ದ. ಸುತ್ತ ಹಿರಿಯರು. ಮೊದಲ ಸಹಿಗೆಂದು ಸುಬ್ಬಪ್ಪ ಎನ್ನುವವರು ಕನ್ನಡಕ ಏರಿಸಿದ್ದರು. ಕುರಿಗಳು ಅಂಗಳಕ್ಕೆ ನುಗ್ಗಿ ತುಳಸಿಕಟ್ಟೆಯನ್ನು ಸುತ್ತಿಕೊಂಡವು. ಹನ್ನೊಂದು ಹೆಂಗಸರು ಬಂದು, ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ಗೋಡೆಗುಂಟ ಅಮ್ಮಂದಿರನ್ನು ಇಳಿಸಿದರು. ಡೊಳ್ಳು ನಿಂತಿತು.

"ಏನೇ ಇದು?" ಗೌಡರು ಹಾಲಮ್ಮನ ಕಡೆ ತಿರುಗಿದರು.

"ಮಗಳು ತವರಿಗೆ ಬಂದಾಳೆ ಗೌಡ್ರೆ. ನಿಮ್ಮೂರು ಹಳ್ಳದ ತನಕ ಐತೆ ಅಂತ ನಿನ್ನೆ ನೀವೇ ಹೇಳಿದ್ರಿ. ಅಂದ್ರೆ ನೀವು ಅವಳನ್ನ ದಾಟಿಸೇ ಇಲ್ಲ. ಪಾಪ, ಊರೊಳಗೇ ಇದ್ದೂ ಮಳೇಲಿ ನೆಂದಾಳೆ. ಉಡಿ ತುಂಬಿ ಒಳಗೆ ಕರ್ಕಳ್ರಿ."

ಜಗಲಿಯ ಮೇಲಿದ್ದ ಹಿರಿಯರೆಲ್ಲ ಎದ್ದು ಅಂಗಳಕ್ಕೆ ಇಳಿದುಬಿಟ್ಟರು. ಗಡಿಗೆ ಹೊರಟ ಮಾರಮ್ಮ ಊರೊಳಗೆ ಇರುವಷ್ಟು ಹೊತ್ತು ಅಲ್ಲಿ ಒಗ್ಗರಣೆ ಹಾಕುವಂತಿಲ್ಲ, ನೇಗಿಲು ಹೂಡುವಂತಿಲ್ಲ, ಶುಭಕಾರ್ಯ ನಡೆಸುವಂತಿಲ್ಲ, ಹೊರಗಿನ ನೆಂಟರು ಒಳಗೆ ಬರುವಂತಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾವಾಗಿಯೇ ಮಾಡಿದ ನಿಯಮವಲ್ಲ ಇದು. ಅವರ ಮನೆಯ ಹಿರಿಯರದೇ.

ಒಳಗಿನಿಂದ ಸಾಸಿವೆ ಸಿಡಿಯುವ ಸದ್ದು ಬರುತ್ತಿದ್ದದ್ದು ಥಟ್ಟನೆ ನಿಂತಿತು. ಗೌಡರ ಹೆಂಡತಿ ಬಾಗಿಲಿಗೆ ಬಂದು ಸೆರಗು ಹೊದ್ದು ಅಮ್ಮಂದಿರಿಗೆ ಅಡ್ಡಬಿದ್ದರು. ಎದ್ದು ಗಂಡನ ಕಡೆ ನೋಡಿದರು. ಒಲೆ ಆರಿಸಲು ಒಳಗೆ ಹೋದರು.

"ಪೊಲೀಸಿಗೆ ಫೋನ್ ಮಾಡ್ತೀನಿ. ಎಲ್ಲರನ್ನೂ ಒಳಗೆ ಹಾಕಿಸ್ತೀನಿ ಬೋಳಿಮಕ್ಕಳನ್ನ," ಎಂದು ಗೌಡರು ನಾಗರಾಜ್ ಕಡೆ ತಿರುಗಿದರು. "ಬರೀರಿ ಸ್ವಾಮಿ. ಅತಿಕ್ರಮ ಪ್ರವೇಶ ಅಂತ ಬರೀರಿ."

ನಾಗರಾಜ್ ಹಿಂದಿನ ದಿನದ ಹಾಳೆಯನ್ನು ತೆಗೆದು ನೋಡಿದ. "ಅವರೂ ನಮ್ಮೋರು ಅಂತ ಬರೆಸಿದೀರಿ ಗೌಡ್ರೆ. ಅವರೂರಿಗೆ ಅವರು ಬಂದ್ರೆ ಏನಂತ ಬರೀಲಿ?"

ಗೌಡರು ಸಣ್ಣಪ್ಪನನ್ನು ಹುಡುಕಿದರು. "ಲೇ ಸಣ್ಣ. ಎತ್ಕಂಡು ಹೋಗಿ ಇದ್ದಲ್ಲೇ ಇಡೋ."

"ಇದ್ದಲ್ಲೂ ನಿಮ್ಮೂರೇ ಅಲ್ವಾ ಗೌಡ್ರೆ. ಅಲ್ಲಿಟ್ರೆ ಊರೊಳಗೇ ಇಟ್ಟಂಗಾತು. ಒಗ್ಗರಣೆ ಹೆಂಗೆ ಹಾಕ್ತೀರಿ?" ಸಣ್ಣಪ್ಪನಿಗೆ ನಿಜವಾಗಿಯೂ ಚಿಂತೆಯಾದಂತೆ ಕಂಡಿತು. "ವರ್ಷಗಟ್ಟಲೆ ಸಪ್ಪೆ ಸಾರು ಆಗ್ತೈತೆ."

"ಹಂಗಾದ್ರೆ ಹಳ್ಳ ದಾಟಿಸ್ರಲೇ ಹಡಬೆಗಳಾ."

ಆಗ ಸುಬ್ಬಪ್ಪನವರು ಕನ್ನಡಕ ಕೆಳಗಿಳಿಸಿದರು. ಅವರ ಮೊಮ್ಮಗಳ ನಿಶ್ಚಿತಾರ್ಥ ಮಾರನೇ ದಿನವೇ ಇತ್ತು. ಶಿರಾಳಕೊಪ್ಪದಿಂದ ಅರವತ್ತು ಜನ ಬೀಗರು ಬರುವವರಿದ್ದರು. ಮೂರು ಡಬ್ಬ ಎಣ್ಣೆ ತಂದಿಟ್ಟಾಗಿತ್ತು.

"ಬುದ್ಧಿ ಐತೇನ್ರಿ ನಿಮಗೆ?" ಎಂದರು ಸುಬ್ಬಪ್ಪನವರು. ಆ ಜಗಲಿಯಲ್ಲಿ ಗೌಡರಿಗೆ ಯಾರೂ ಹಾಗೆ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. "ಹಳ್ಳ ದಾಟಿಸಿದ್ರೆ ಹೊಂಗಡ್ಡೆಯೋರು ಸುಮ್ನೆ ಬಿಡ್ತಾರೇನು? ನಿಮ್ಮ ತಾತ ದಾಟಿಸಾಕೆ ಹೋಗಿ ಮೂರು ತಲೆ ಒಡೆದಿದ್ದು ಮರ್ತೋತೇನು? ಎರಡೂ ಊರೋರು ಕೂತು, ಬಿಲ್ಲನಕಟ್ಟೆ ಗಡಿ ಹುಣಸೆಮರ, ಅಲ್ಲಿಂದ ಒಂದು ಹೆಜ್ಜೆ ಮುಂದೆ ಬರಾಂಗಿಲ್ಲ ಅಂತ ಆಣೆ ಮಾಡಿದ್ದು ಆವಾಗಲೇ ಅಲ್ವಾ? ಆವತ್ತಿಂದ ಅಮ್ಮ ಇಳೀತಿರೋದೇ ಅಲ್ಲಿ."

ಒಂದು ಕುರಿ ಜಗಲಿ ಹತ್ತಿ ಮಹಜರಿನ ಒಂದು ಹಾಳೆಯ ತುದಿಯನ್ನು ನೆಕ್ಕುತ್ತಿತ್ತು. ನಾಗರಾಜ್ ಅದರ ಮೂತಿಯನ್ನು ಮೆಲ್ಲಗೆ ಆಚೆ ಸರಿಸಿದ.

"ಸುಬ್ಬಪ್ಪನೋರೆ, ಈಗ ಹೇಳಿದ್ದು ಇನ್ನೊಂದು ಸಲ ಹೇಳ್ತೀರಾ? ನಿಧಾನಕ್ಕೆ."

ಸುಬ್ಬಪ್ಪನವರು ಇನ್ನೊಂದು ಸಲ ಹೇಳಿದರು. ನಿಧಾನಕ್ಕೆ ಹೇಳಿದರು. ಹೇಳುತ್ತ ಹೇಳುತ್ತ ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಗೊತ್ತಾಯಿತು. ಗೊತ್ತಾದರೂ ಎಣ್ಣೆಯ ಡಬ್ಬಗಳ ನೆನಪು ಅವರನ್ನು ನಿಲ್ಲಲು ಬಿಡಲಿಲ್ಲ. ಉಳಿದ ಹಿರಿಯರು ನೆಲ ನೋಡುತ್ತ ತಲೆಯಾಡಿಸಿದರು. ಹೌದು, ಹುಣಸೆಮರ. ಹೌದು, ಆಣೆ. ಯಾರೂ ಗೌಡರ ಕಡೆ ನೋಡಲಿಲ್ಲ.

"ಗೌಡ್ರೆ, ನೀವು ಹಳ್ಳ ಅಂದ್ರಿ. ಹಿರಿಯರು ಮರ ಅಂತಾರೆ," ಅಂದ ನಾಗರಾಜ್. "ಯಾವುದು ಬರೀಲಿ?"

ಗೌಡರು ಕುರ್ಚಿಯ ತೋಳನ್ನು ಹಿಡಿದು ಕೂತೇ ಇದ್ದರು. ನಾವೂ ಕೂತೆವು. ಅಂಗಳದ ತುಂಬ ಕೂತೆವು, ಮೆಟ್ಟಿಲ ಮೇಲೆ ಕೂತೆವು. ಜಗಲಿಯ ನೆರಳಿನಲ್ಲಿ ಎಷ್ಟು ತಂಪು ಇದೆಯೆಂದು ನಮಗೆ ಅವತ್ತೇ ಗೊತ್ತಾದದ್ದು. ಹಾಲಮ್ಮ ಗೋಡೆಗೆ ಒರಗಿ, ದಡಾರದಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಣ್ಣ ದನಿಯಲ್ಲಿ ಸೋಬಾನೆ ಶುರು ಮಾಡಿದಳು. ಗುಡ್ಡಮ್ಮ ಅದಕ್ಕೆ ದನಿ ಸೇರಿಸಿದಳು. ಮಧ್ಯಾಹ್ನ ಒಂದಾಯಿತು. ಹೆದರಿಕೆಗೆ ಊರಲ್ಲಿ ಒಂದು ಒಲೆಯೂ ಹೊಗೆಯಾಡಲಿಲ್ಲ. ಮಕ್ಕಳು ಹಸಿವೆಂದು ಅಳುವ ಸದ್ದು ಮನೆಯಿಂದ ಮನೆಗೆ ಹಬ್ಬಿತು. ನಾವು ತಂದಿದ್ದ ರೊಟ್ಟಿಯ ಗಂಟು ಬಿಚ್ಚಿ, ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಕ್ಕಳಿಗೂ ಕೊಟ್ಟೆವು. ಅವು ತಿಂದವು. ಯಾರ ಕೈಯ ರೊಟ್ಟಿಯೆಂದು ಅವು ಕೇಳಲಿಲ್ಲ, ಅವುಗಳ ಅವ್ವಂದಿರೂ ಅವತ್ತು ಕೇಳಲಿಲ್ಲ.

ಎರಡು ಗಂಟೆಗೆ ಗೌಡರ ಹೆಂಡತಿ ಹೊರಗೆ ಬಂದರು. ಹನ್ನೊಂದು ಅಮ್ಮಂದಿರಿಗೂ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಹಾಕಿ ಉಡಿ ತುಂಬಿದರು. ಕೊನೆಗೆ ಗಂಡನ ಮುಂದೆ ಒಂದು ತೆಂಗಿನಕಾಯಿ ಇಟ್ಟರು.

"ಅಮ್ಮನ್ನ ಗಡಿಗೆ ಕಳಿಸ್ಕೊಡಿ. ಹೊತ್ತೋಯ್ತು," ಎಂದರು.

ಶಾಂತವೀರಪ್ಪ ಗೌಡರು ಎದ್ದರು. ಚಪ್ಪಲಿ ಬಿಟ್ಟರು. ಹಿರಿಯ ಅಮ್ಮನನ್ನು ಹೊರಬೇಕಾದವನು ಊರ ಗೌಡನೇ. ಹಾಲಮ್ಮ ಬುಟ್ಟಿಯನ್ನು ಎತ್ತಿ ಅವರ ತಲೆಯ ಮೇಲಿಟ್ಟಳು. ಇಡಲು ಅವರು ತುಸು ಬಗ್ಗಬೇಕಾಯಿತು, ಏಕೆಂದರೆ ನಮ್ಮ ಹಾಲಮ್ಮ ಗಿಡ್ಡ. ಉಳಿದ ಹತ್ತು ಬುಟ್ಟಿಗಳನ್ನು ಹತ್ತು ಹಿರಿಯರು ಹೊತ್ತರು. ಕೊರೊನಮ್ಮ ಸುಬ್ಬಪ್ಪನವರ ಪಾಲಿಗೆ ಬಂದಳು. ಡೊಳ್ಳು ಮತ್ತೆ ಎದ್ದಿತು. ನಾಗರಾಜ್ ತನ್ನ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಗೌಡರ ಹಿಂದೆಯೇ ನಡೆದ.

ಹುಣಸೆಮರ ಬಂತು. ಬಿಲ್ಲನಕಟ್ಟೆಯ ಜನ ಮರದ ಆಚೆಗೇ ನಿಂತುಬಿಟ್ಟರು. ಗೌಡರು ಒಂದು ಗಳಿಗೆ ಇಳಿಜಾರಿನ ಕಡೆ, ನಮ್ಮ ಮೂವತ್ತೊಂದು ಹೆಂಚಿನ ಮಾಡುಗಳ ಕಡೆ, ದೂರದ ಹಳ್ಳದ ಕಡೆ ನೋಡಿದರು. ಅವರ ಕಾಲು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಬಗ್ಗಿ ಅಮ್ಮನನ್ನು ಮರದ ಈಚೆ ಬದಿಗೆ ಇಳಿಸಿದರು.

"ನಮ್ಮೂರ ಗಡಿ ದಾಟಿಸಿದೀವಿ ತಾಯಿ," ಎಂದು ತುಟಿಯೊಳಗೆ ಅಂದರು. ಅಮ್ಮನನ್ನು ಬಿಡುವಾಗ ಗೌಡ ಆಡಲೇಬೇಕಾದ ಮಾತು ಅದು.

"ಸ್ವಲ್ಪ ಜೋರಾಗಿ ಗೌಡ್ರೆ," ಅಂದ ನಾಗರಾಜ್, ಪೆನ್ನು ಹಿಡಿದು.

"ನಮ್ಮೂರ ಗಡಿ ದಾಟಿಸಿದೀವಿ ತಾಯಿ."

ಕಾಯಿ ಒಡೆಯಿತು. ನಾಗರಾಜ್ ಆ ಜಾಗದಲ್ಲೇ ಕೋಲು ನಿಲ್ಲಿಸಿದ. ಕೈಯ ಯಂತ್ರ ಎರಡು ಸಲ ಸಣ್ಣಗೆ ಕೂಗಿತು. ಈ ಹಾಳೆ ಇನ್ನು ಎಷ್ಟು ಮೇಜು ಹತ್ತಿ ಇಳಿಯಬೇಕೋ, ಎಷ್ಟು ಸಹಿ ಬೀಳಬೇಕೋ, ಬಲ್ಲವರು ಯಾರು. ಆದರೆ ಗಡಿಗೆ ನೆಡುವ ಬಾಂದುಕಲ್ಲು ಅವನ ಜೀಪಿನಲ್ಲೇ ಇತ್ತು.

ಗಡಿಯಲ್ಲಿ ಅಮ್ಮನನ್ನು ಬಿಟ್ಟು ಹೊರಟವರು ತಿರುಗಿ ನೋಡಬಾರದು. ನೋಡಿದರೆ ಅವಳು ಹಿಂದೆಯೇ ಬರುತ್ತಾಳೆ. ಗೌಡರು ಬರಿಗಾಲಲ್ಲಿ ಬಿಲ್ಲನಕಟ್ಟೆಯ ಕಡೆ ಮುಖ ಮಾಡಿ ಹೆಜ್ಜೆ ಹಾಕಿದರು. ಅವರ ಬೆನ್ನ ಹಿಂದೆ ಸಣ್ಣಪ್ಪ ಹಾರೆ ಎತ್ತಿದ. ಮೊದಲ ಪೆಟ್ಟಿಗೆ ಗೌಡರ ಕತ್ತಿನ ನರ ಬಿಗಿದು ನಿಂತಿತು.

"ನೋಡಬ್ಯಾಡ್ರಿ ಗೌಡ್ರೆ," ಎಂದರು ಪಕ್ಕದಲ್ಲಿ ನಡೆಯುತ್ತಿದ್ದ ಸುಬ್ಬಪ್ಪನವರು.

ಗೌಡರು ನೋಡಲಿಲ್ಲ. ಹಾಲಮ್ಮ ಸಣ್ಣಪ್ಪನ ಕೈಯಿಂದ ಹಾರೆ ಕಿತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೂ ಆಳಕ್ಕೆ ಅಗೆಯತೊಡಗಿದಳು.